ಹಾಡಿಯ ಹಾದಿಯಲ್ಲಿ ನಾಯಿಯ ಸಂಗಡ

ನಮ್ಮ ನುಡಿ ನಾಯಿಗೆ ಹೆಚ್ಚಿನ ಮರ್ಯಾದೆಯನ್ನೇನೂ ಕೊಟ್ಟಿಲ್ಲ. ಬದುಕು ಕಷ್ಟವಾದರೆ ಅದು ನಾಯಿಪಾಡು. ಎಷ್ಟು ಹೇಳಿದರೂ ತಿದ್ದಿಕೊಳ್ಳದವನಿಗೆ ನಾಯಿಬಾಲದ ಹೋಲಿಕೆ. ಮೊದಲ ಮಳೆಗೆ ತಾನಾಗಿ ಅರಳುವ ಬಡ ಅಣಬೆಯನ್ನೂ ನಾಯಿಕೊಡೆಯೆಂದು ಕರೆದು ಹಗುರ ಮಾಡಿದ್ದೇವೆ. ಆದರೆ ಕನ್ನಡದ ಶಾಸನವು ಕನ್ನಡದ ಗಾದೆಗಿಂತ ಉದಾರವಾಗಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949–50ರ ಶಾಸನವೊಂದುಂಟು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲರನೆಂಬ ವೀರನಿಗೆ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ, ಆತ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಿ, ಹಂದಿಯೂ ತಾನೂ ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನೆಟ್ಟು, ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲನ್ನು ಇಂದಿಗೂ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ನೀವು ನೋಡಬಹುದು.

ಇದಕ್ಕೂ ಹಳೆಯದಾದ ಇನ್ನೊಂದು ನಾಯಿಯ ಕಥೆ ನಿಮಗೆಲ್ಲ ತಿಳಿದಿರತಕ್ಕದ್ದೇ. ಪಾಂಡವರು ಕಾಡಿಗೆ ಬೇಟೆಗೆ ಹೋದಾಗ ಅವರ ಜೊತೆಯ ನಾಯಿ ತಾನೊಂದೇ ಅಲೆಯುತ್ತ ಏಕಲವ್ಯನಿದ್ದಲ್ಲಿಗೆ ಬಂತು. ಜಿಂಕೆಯ ತೊಗಲುಟ್ಟ ಆ ಕಪ್ಪು ಆಳನ್ನು ಕಂಡು ಬೊಗಳಿತು. ಅವನು ಏಳು ಬಾಣಗಳಿಂದ ಅದರ ಬಾಯಿ ತುಂಬಿಸಿ ಕಳುಹಿಸಿದ. ಅರ್ಜುನನ ಅಸೂಯೆ, ಹೆಬ್ಬೆರಳಿನ ದಕ್ಷಿಣೆ ಎಲ್ಲವೂ ಆಮೇಲಿನದು. ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗ ನಾವು ಗುರುಭಕ್ತಿಯನ್ನು ಕುರಿತು ಮಾತನಾಡುತ್ತೇವೆ. ಆದರೆ ಕಥೆಯ ಮೊದಲ ಕೊಂಡಿಯನ್ನು ಗಮನಿಸಿ: ಒಡೆಯರ ಕೈತಪ್ಪಿದ ನಾಯಿಯೊಂದು, ಕಾಡಿನಲ್ಲಿ ವಾಸವಾಗಿರುವವನ ಮೇಲೆ, ಅವನೇ ಅಲ್ಲಿಗೆ ಹೊರಗಿನವನೆಂಬಂತೆ ಬೊಗಳಿತು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ವಿಷಯವೂ ಸುಮಾರಾಗಿ ಅದೇ.

ಕಾಳಿಯೂ ಪಾಂಡವರ ನಾಯಿಯೂ ಬೇಟೆಯವು. ಬೇಟೆಯ ಕಾಲ ಈಗ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೊಲ್ಲುವುದನ್ನಷ್ಟೇ ಅಲ್ಲ, ಕಾಡುಪ್ರಾಣಿಯನ್ನು ಅಟ್ಟುವುದನ್ನೂ ಉರುಳಿಗೆ ಕೆಡಹುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ನಾನು ಹೇಳಹೊರಟಿರುವುದು ಬರಿಯ ತಿರುಗಾಟವನ್ನು ಕುರಿತು: ಬೆಳಗಿನ ಒಂದು ಗಂಟೆ, ಕೈಯಲ್ಲೊಂದು ಹಗ್ಗ, ಹಗ್ಗದ ಆ ತುದಿಯಲ್ಲಿ ಮನೆಯ ನಾಯಿ, ಕಾಲಡಿಯಲ್ಲಿ ನಮ್ಮೂರ ಹಾಡಿಯ ಹಾದಿ.

ಹಾಡಿಯೆಂದರೇನೆಂದು ಉಡುಪಿಯ ಸೀಮೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಕಾಡು ಎಂದರೆ ನಮಗೆ ಘಟ್ಟದ ಕಡೆಯದು. ಗದ್ದೆಯ ಬೈಲು ಮುಗಿದು, ತೋಟ ಕಳೆದು, ನೆಲ ಮೇಲೇರುವಲ್ಲಿ ಮನೆಗಳ ಹಿಂದೆ ಇರುವ ಮರಗಿಡಗಳ ತುಂಡು ನೆಲವೇ ಹಾಡಿ. ಅದರಲ್ಲಿ ಬೋಗಿ, ಮತ್ತಿ, ನೇರಳೆ, ಹೆಬ್ಬಲಸು ಬೆಳೆದಿರುತ್ತವೆ. ಅಂಚಿನಲ್ಲಿ ಗೇರು, ಕೇಪಳ, ಕುಂಟುನೇರಳೆ. ಗದ್ದೆಗೆ ಹಸುರುಸೊಪ್ಪು, ಹಟ್ಟಿಗೆ ತರಗೆಲೆ, ಒಲೆಗೆ ಕಟ್ಟಿಗೆ ಎಲ್ಲವೂ ಅಲ್ಲಿಂದಲೇ ಬರುತ್ತಿತ್ತು. ತಲೆಹೊರೆ ಹೊತ್ತ ಹೆಂಗಸರ ಕಾಲುಗಳೇ ಅಲ್ಲಿನ ದಾರಿಗಳನ್ನು ಮಾಡಿದವು. ಗ್ಯಾಸಿನ ಒಲೆ ಬಂದು, ಹಟ್ಟಿ ಬರಿದಾಗಿ, ಗದ್ದೆಗಳು ಹಡಿಲು ಬಿದ್ದ ಮೇಲೆ ಆ ದಾರಿಗಳ ಮೇಲೆ ಕಮ್ಯುನಿಸ್ಟ್ ಗಿಡ ಬೆಳೆದು ನಿಂತಿದೆ. ಇಂದು ಹಾಡಿಗೆ ದಿನವೂ ಹೋಗಲು ಕಾರಣವಿರುವವರು ಕಡಮೆ. ನಾಯಿಯನ್ನು ಸಾಕಿದವರಿಗೆ ಆ ಕಾರಣ ತಾನಾಗಿ ಒದಗುತ್ತದೆ.

ಆದರೆ ನಮ್ಮಲ್ಲಿ ನಾಯಿ ಸಾಕುವ ಕ್ರಮವೇನು? ಹಗಲೆಲ್ಲ ಗೂಡಿನಲ್ಲಿ, ಇಲ್ಲವೆ ಅಂಗಳದ ಮೂಲೆಯ ಸರಪಳಿಯಲ್ಲಿ. ರಾತ್ರಿ ಊಟವಾದ ಮೇಲೆ ಕೊಂಡಿ ಬಿಚ್ಚಿ ಹೊರಗೆ. ಹಗಲು ಬಂದು ಹೋಗುವವರನ್ನು ಕಚ್ಚಬಾರದು, ಇರುಳು ಕಳ್ಳರನ್ನು ಬಿಡಬಾರದು ಎಂಬ ಲೆಕ್ಕಾಚಾರ. ನೋಡುವುದಕ್ಕೆ ನ್ಯಾಯವಾಗಿಯೇ ತೋರುತ್ತದೆ. ಹನ್ನೆರಡು ಗಂಟೆ ಕಾಲು ಸೆಳೆತುಕೊಂಡು ಕುಳಿತ ಪ್ರಾಣಿ ಬಿಚ್ಚಿದೊಡನೆ ಮನೆ ಕಾಯುತ್ತದೆಯೇ? ಇಲ್ಲ, ನೇರವಾಗಿ ಹಾಡಿಗೆ ಓಡುತ್ತದೆ. ಅಲ್ಲಿ ಮೊಲ, ನವಿಲಿನ ಮರಿ, ಚಿಪ್ಪುಹಂದಿ, ಮುಳ್ಳುಹಂದಿ ಎಲ್ಲವೂ ಇರುಳಿನ ಸಂಚಾರದಲ್ಲಿಯೋ ನಿದ್ದೆಯಲ್ಲಿಯೋ ಇರುತ್ತವೆ. ಹತ್ತು ಮನೆಯ ನಾಯಿಗಳು ಕೂಡಿದರೆ ಅದು ಒಂದು ಬೇಟೆಯ ಹಿಂಡೇ ಆಗುತ್ತದೆ. ಇನ್ನೊಂದು ಕಡೆಯಿಂದ ಚಿರತೆ ಬರುತ್ತದೆ. ಚಿರತೆಗೆ ನಾಯಿ ಸುಲಭದ ತುತ್ತು. ಕಾರ್ಕಳದ ಹಳ್ಳಿಗಳಲ್ಲಿ ಅಂಗಳದ ನಾಯಿಯನ್ನು ಚಿರತೆ ಹೊತ್ತೊಯ್ದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಮಣಿಪಾಲದಂಥ ಪೇಟೆಯ ಅಂಚಿನಲ್ಲಿಯೂ ಚಿರತೆ ಕಾಣಿಸಿಕೊಂಡದ್ದುಂಟು. ಬೆಳಗ್ಗೆ ಸರಪಳಿ ಮಾತ್ರ ಉಳಿದಾಗ ನಾವು ಚಿರತೆಯನ್ನು ಶಪಿಸುತ್ತೇವೆ, ಬೋನು ಇಡಿಸುತ್ತೇವೆ.

ಆದ್ದರಿಂದ ನನ್ನ ಸೂಚನೆ ಇಷ್ಟೇ: ಈ ಕ್ರಮವನ್ನು ತಿರುಗಿಸಿರಿ. ಹಗಲು ಹಗ್ಗ ಹಿಡಿದು ನಡೆಸಿರಿ. ಇರುಳು ಬಾಗಿಲ ಒಳಗಿಡಿರಿ. ಒಂದು ಗಂಟೆ ಮೈದಣಿದು, ಮೂಗುದಣಿದು ಬಂದ ನಾಯಿ ರಾತ್ರಿ ಜಗಲಿಯ ಒಳಗೆ ಮಲಗಿದ್ದೇ ಅಪರಿಚಿತ ಹೆಜ್ಜೆಗೆ ಕಿವಿ ನಿಮಿರಿಸುತ್ತದೆ. ಮನೆ ಕಾಯಲು ಅದರ ಕಿವಿಯೂ ದನಿಯೂ ಸಾಕು, ಅಲೆಯುವ ಕಾಲು ಬೇಕಾಗಿಲ್ಲ.

ಮೂಗು ದಣಿಯುವುದೆಂದೆ. ಇದು ವಿನೋದದ ಮಾತಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50–60 ಲಕ್ಷ. ನಾಯಿಯ ಮೂಗಿನಲ್ಲಿ 20 ಕೋಟಿಗೂ ಮಿಕ್ಕಿವೆ. ನಾವು ಹಾಡಿಯನ್ನು ನೋಡುತ್ತ ನಡೆಯುತ್ತೇವೆ. ಅದು ಹಾಡಿಯನ್ನು ಓದುತ್ತ ನಡೆಯುತ್ತದೆ. ನಿನ್ನೆ ರಾತ್ರಿ ಇಲ್ಲಿ ದಾಟಿದ್ದು ಕಾಡುಬೆಕ್ಕೋ ನರಿಯೋ, ಹೋದದ್ದು ಯಾವ ಕಡೆಗೆ, ಎಷ್ಟು ಹೊತ್ತಾಯಿತು ಎಂಬುದೆಲ್ಲ ಅದಕ್ಕೆ ಹುಲ್ಲಿನ ಬುಡದಲ್ಲಿ ದೊರೆಯುತ್ತದೆ. ಹಳೆಯ ಕಾಲದ ಪಂಡಿತರು ತಾಳೆಗರಿಯ ಒಂದೇ ಪದದ ಮೇಲೆ ಅರ್ಧ ದಿನ ಕೂರುತ್ತಿದ್ದರಷ್ಟೆ. ನಾಯಿ ಒಂದು ಗಿಡದ ಬುಡದಲ್ಲಿ ಎರಡು ನಿಮಿಷ ನಿಂತರೆ ಹಗ್ಗ ಜಗ್ಗಬೇಡಿ. ಆ ಎರಡು ನಿಮಿಷ ನಿಮಗೂ ಲಾಭವೇ. ಅವಸರದಿಂದ ನಡೆದವರಿಗೆ ಕಾಣದ ಮರಕುಟಿಗ, ಎಲೆಯಡಿಯ ಕಪ್ಪೆ, ಜೇಡನ ಬಲೆಯ ಹನಿ ಅಷ್ಟರಲ್ಲಿ ಕಣ್ಣಿಗೆ ಬೀಳುತ್ತವೆ. ಘಟ್ಟದ ಮೇಲೆ, ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ‘ಕರ್ವಾಲೊ’ ಕಾದಂಬರಿಯಲ್ಲಿ ತಮ್ಮ ನಾಯಿ ಕಿವಿಗೆ ಒಂದು ಪಾತ್ರವನ್ನೇ ಕೊಟ್ಟಿದ್ದಾರೆ. ಕಾಡನ್ನು ಬಲ್ಲವರಿಗೆ ನಾಯಿ ಎಂಥ ಜೊತೆಗಾರನೆಂಬುದು ಅದನ್ನು ಓದಿದವರಿಗೆ ಗೊತ್ತು.

ಇನ್ನು ಎಲ್ಲಿ ನಡೆಯುವುದೆಂದರೆ, ನಮ್ಮ ಸೀಮೆಯಲ್ಲಿ ಮೂರು ಬಗೆಯ ನೆಲವುಂಟು. ಮೂರಕ್ಕೂ ಬೇರೆ ಬೇರೆ ನೀತಿ.

ಮೊದಲನೆಯದು ಮುರಕಲ್ಲಿನ ಗುಡ್ಡೆ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಗುವವರೆಗೆ ಮಣಿಪಾಲವೂ ಹೀಗೆಯೇ ಬೋಳು ಗುಡ್ಡೆಯಾಗಿತ್ತು. ಸ್ವರ್ಣಾ ನದಿಯ ಕಣಿವೆ ಕಾಣುವ ಆ ಎತ್ತರದ ಸುತ್ತಮುತ್ತ ಇಂದಿಗೂ ಅಂಥ ಬಯಲುಗಳು ಉಳಿದಿವೆ. ಶ್ರಾವಣ ಭಾದ್ರಪದಗಳಲ್ಲಿ ಅಲ್ಲಿಗೆ ಹೋಗಿ ನೋಡಿ: ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಬೆರಳುದ್ದದ ಗಿಡಗಳಲ್ಲಿ ನೇರಳೆಬಣ್ಣದ ಹೂಗಳು ಹಾಸಿದಂತಿರುತ್ತವೆ. ಅವುಗಳಲ್ಲಿ ಕೆಲವು ನೀರಿನ ಸಣ್ಣ ಜೀವಿಗಳನ್ನು ಹಿಡಿದು ಅರಗಿಸಿಕೊಳ್ಳುವ ಕೀಟಾಹಾರಿಗಳು. ಬೇಸಗೆಯಲ್ಲಿ ಅದೇ ಕಲ್ಲು ಕಾದ ಕಾವಲಿ. ನಿಮ್ಮ ಅಂಗೈಯ ಹಿಂಭಾಗವನ್ನು ಕಲ್ಲಿನ ಮೇಲಿಟ್ಟು ಏಳರವರೆಗೆ ಎಣಿಸಿರಿ. ನಿಮಗೆ ತಾಳಲಾಗದಿದ್ದರೆ ನಾಯಿಯ ಅಂಗಾಲಿಗೂ ತಾಳದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ತೇಕುವುದರಿಂದಲೇ ಮೈಯ ಬಿಸಿಯನ್ನು ಕಳೆಯಬೇಕು. ಮಾರ್ಚಿಯಿಂದ ಮಳೆ ಹಿಡಿಯುವವರೆಗೆ ಬೆಳಗಿನ ಎಂಟರೊಳಗೆ ಹಿಂದಿರುಗುವುದು ಕ್ಷೇಮ.

ಇದೇ ಬೇಸಗೆಯಲ್ಲಿ ಟಿಟ್ಟಿಭ ಪಕ್ಷಿ ಆ ಬಯಲಿನಲ್ಲಿ ಮೊಟ್ಟೆಯಿಡುತ್ತದೆ. ಗೂಡೆಂಬುದಿಲ್ಲ, ಬರಿನೆಲದಲ್ಲಿ ಒಂದು ತಗ್ಗು, ಅದರಲ್ಲಿ ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ. ಪಂಚತಂತ್ರದಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಕದ್ದಾಗ ಅದು ಗರುಡನವರೆಗೂ ದೂರು ಒಯ್ದು ಗೆದ್ದಿತು. ಬಿಟ್ಟ ನಾಯಿ ತುಳಿದ ಮೊಟ್ಟೆಗೆ ಅಂಥ ನ್ಯಾಯಾಲಯವಿಲ್ಲ. ತಲೆಯ ಮೇಲೆ ಸುತ್ತುತ್ತ ಅದು ಕಿರುಚತೊಡಗಿದರೆ ಹಗ್ಗವನ್ನು ಗಿಡ್ಡ ಮಾಡಿ ಬೇರೆ ದಾರಿ ಹಿಡಿಯುವುದು ನಮ್ಮ ಕೆಲಸ. ಮುರಕಲ್ಲು ಕಡಿದು ಬಿಟ್ಟ ಹಳೆಯ ಕೋರೆಗಳ ಬಗೆಗೂ ಎಚ್ಚರ ಬೇಕು. ಮಳೆಗಾಲದಲ್ಲಿ ಅವು ಗೋಡೆಯಂತೆ ನೆಟ್ಟಗಿನ ದಡದ ಕೆರೆಗಳಾಗುತ್ತವೆ. ಬಿದ್ದ ನಾಯಿಗೂ ಅದನ್ನು ಎತ್ತಲು ಇಳಿದವನಿಗೂ ಮೇಲೆ ಬರುವುದು ಕಷ್ಟ.

ಎರಡನೆಯದು ಕಡಲ ದಡ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ. ಅದರ ಎರಡು ಮಗ್ಗುಲಿಗೂ ಮರಳಿನ ದಡ, ಅಲ್ಲಲ್ಲಿ ತೆಂಗಿನ ತೋಪು, ಗಾಳಿಮರದ ಸಾಲು. ಹಾಡಿಯಲ್ಲಿ ಕಟ್ಟಿ ನಡೆಸಿದ ನಾಯಿಗೆ ಇಲ್ಲಿಯಾದರೂ ಬಿಡುಗಡೆ ಕೊಡೋಣವೆಂದು ಮನಸ್ಸಾಗುತ್ತದೆ. ಆದರೆ ದಡವೆಂದರೆ ಮೀನುಗಾರರ ಅಂಗಳ. ಒಣಗಲು ಹರಡಿದ ಮೀನು, ಹೊಲಿಗೆಗೆ ಬಿಡಿಸಿಟ್ಟ ಬಲೆ ಅವರ ದುಡಿಮೆ. ಅಲೆ ತಂದೊಗೆದ ಗಾಳದ ಕೊಕ್ಕೆ, ಗಾಜಿನ ಚೂರು, ಹೊಟ್ಟೆಯುಬ್ಬಿಸಿಕೊಂಡು ಸತ್ತ ವಿಷದ ಮೀನು ನಾಯಿಗೆ ಕೇಡು. ಚಳಿಗಾಲದ ತಿಂಗಳುಗಳಲ್ಲಿ ಕಡಲಾಮೆಗಳು ನಮ್ಮ ಜಿಲ್ಲೆಯ ಮರಳಿನಲ್ಲಿ ಮೊಟ್ಟೆ ಹೂಳಲು ರಾತ್ರಿ ದಡಕ್ಕೆ ಬರುವುದುಂಟು. ಅದನ್ನು ಕೆದಕಿ ತಿನ್ನುವುದರಲ್ಲಿ ನಾಯಿಗಳೇ ಮೊದಲು. ಆದ್ದರಿಂದ ಇಲ್ಲಿಯೂ ಹಗ್ಗವೇ ಇರಲಿ, ಸ್ವಲ್ಪ ಉದ್ದದ್ದಿರಲಿ. ಸಂಜೆಯ ಜನಸಂದಣಿಯಲ್ಲಿ ಅಲ್ಲ, ಮುಂಜಾನೆ.

ಮೂರನೆಯದು ಕಾರ್ಕಳದ ಕಡೆಯ ಕರಿಗಲ್ಲಿನ ಗುಡ್ಡ ಮತ್ತು ಘಟ್ಟದ ಬುಡದ ಹಾಡಿಗಳು. ಇಲ್ಲಿ ಮರ ದಟ್ಟ, ನೆರಳು ತಂಪು, ನಡೆಯುವುದಕ್ಕೆ ಇದಕ್ಕಿಂತ ಸುಖದ ನೆಲ ಇನ್ನಿಲ್ಲ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟ ಊರಿನ ನೆತ್ತಿಯಲ್ಲಿ ಇದ್ದಾನೆ. ಮೈಗೆ ಬಳ್ಳಿ ಹಬ್ಬುವಷ್ಟು ಕಾಲ ಅಲುಗದೆ ನಿಂತವನ ಆ ಬೆಟ್ಟಕ್ಕೆ ನಾಯಿಯನ್ನು ಕರೆದೊಯ್ಯುವುದು ಸಲ್ಲದು. ಸುತ್ತಲಿನ ದಾರಿಗಳು ಸಾಕಷ್ಟಿವೆ. ಬಜಗೋಳಿ, ಮಾಳಗಳನ್ನು ದಾಟಿ ಮೂಡಣಕ್ಕೆ ಹೋದರೆ 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಹೆಬ್ರಿಯಿಂದಾಚೆಗೆ ಸೋಮೇಶ್ವರ ಅಭಯಾರಣ್ಯ. ಅಲ್ಲಿಗೆ ನಾಯಿಯನ್ನು ಒಯ್ಯಲೇಬಾರದು. ಕಾರಣ ಬರಿಯ ಬೊಗಳುವಿಕೆಯಲ್ಲ. ನಾಯಿಯ ಡಿಸ್ಟೆಂಪರ್ ರೋಗ ಕಾಡಿನ ಪ್ರಾಣಿಗಳಿಗೂ ಹರಡಬಲ್ಲುದು. 2018ರಲ್ಲಿ ಗುಜರಾತಿನ ಗೀರ್ ಕಾಡಿನಲ್ಲಿ ಸಿಂಹಗಳು ಒಂದರ ಹಿಂದೊಂದು ಸತ್ತಾಗ, ಅವುಗಳಲ್ಲಿ ಈ ರೋಗದ ವೈರಾಣು ಪತ್ತೆಯಾಯಿತು.

ನಾಗಬನದ ಮಾತನ್ನು ಬೇರೆಯಾಗಿಯೇ ಹೇಳಬೇಕು. ನಂಬುವವರಿಗೆ ಅದು ದೇವರ ಸ್ಥಾನ. ಅಲ್ಲಿಗೆ ನಾಯಿಯನ್ನು ಬಿಡಬಾರದೆಂದು ಅವರಿಗೆ ನಾನು ಹೇಳಬೇಕಾಗಿಲ್ಲ. ನಂಬದವರೂ ಒಂದನ್ನು ಗಮನಿಸಬೇಕು: ಎಷ್ಟೋ ಊರುಗಳಲ್ಲಿ ಕೊಡಲಿ ತಾಗದ ಹಳೆಯ ಮರಗಳು ಉಳಿದಿರುವುದು ಆ ಬನದಲ್ಲಿ ಮಾತ್ರ. ಬಳ್ಳಿ ಹೆಣೆದುಕೊಂಡ ಆ ಅರ್ಧ ಸೆಂಟ್ಸು ನೆಲದಲ್ಲಿ ಹಾವು, ಓತಿ, ಹಕ್ಕಿಗಳಿಗೆ ಇರುವ ನೆಮ್ಮದಿ ಬೇರೆಲ್ಲಿಯೂ ಇಲ್ಲ. ದೂರದಿಂದಲೇ ಕಂಡು ಸುತ್ತಿ ಹೋಗುವುದು ಎರಡು ಬಗೆಯಿಂದಲೂ ಯೋಗ್ಯ.

ಈಗ ಆರೋಗ್ಯದ ನಾಲ್ಕು ಮಾತು. ಹಗ್ಗ ಹಿಡಿಯುವ ಮೊದಲು ಪಶುವೈದ್ಯರನ್ನು ಕಾಣಬೇಕು. ಮರಿಗೆ ಮೂರು ತಿಂಗಳಾಗುವ ಹೊತ್ತಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ. ಲೂಯಿ ಪಾಶ್ಚರನು ಈ ರೋಗಕ್ಕೆ ಲಸಿಕೆಯನ್ನು ಮನುಷ್ಯನಿಗೆ ಮೊದಲು ಕೊಟ್ಟದ್ದು 1885ರಲ್ಲಿ. ಅಷ್ಟು ಹಳೆಯ ಮದ್ದಿದ್ದೂ ನಮ್ಮ ದೇಶದಲ್ಲಿ ಇದರಿಂದ ಸಾಯುವವರಿದ್ದಾರೆ. ಎಲ್ಲಿಯಾದರೂ, ಯಾವ ನಾಯಿಯಾದರೂ ಕಚ್ಚಿದರೆ ಅರಸಿನ, ಸುಣ್ಣ ಹಚ್ಚಿ ಕೂರಬೇಡಿ. ಸಾಬೂನು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿರಿ.

ಎರಡನೆಯದು ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದ. ಚಳಿಗಾಲದಿಂದ ಮಳೆಗಾಲ ಹಿಡಿಯುವ ತನಕ ಅದರ ಕಾಲ. ಕಾಡಂಚಿನಲ್ಲಿ ಮಂಗ ಸತ್ತುಬಿದ್ದ ಸುದ್ದಿ ಬಂದರೆ ಆ ಕಡೆಯ ತಿರುಗಾಟವನ್ನು ನಿಲ್ಲಿಸಿ, ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಉಳಿದ ದಿನಗಳಲ್ಲಿ ಮನೆಗೆ ಬಂದೊಡನೆ ಅಂಗಳದಲ್ಲಿಯೇ ನಾಯಿಯ ಕಿವಿಯ ಒಳಗು, ಕಾಲ್ಬೆರಳ ಸಂದು, ಕೊರಳಪಟ್ಟಿಯ ಅಡಿಗಳನ್ನು ನೋಡಿರಿ. ಉಣುಗನ್ನು ಬರಿಗೈಯಲ್ಲಿ ಹಿಸುಕದೆ, ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ನಿಮ್ಮ ಕಾಲನ್ನೂ ಹಾಗೆಯೇ ಪರೀಕ್ಷಿಸಿಕೊಳ್ಳಿ.

ಮೂರನೆಯದು ಮಳೆಗಾಲದ ಇಲಿಜ್ವರ. ಇಲಿಯ ಮೂತ್ರ ಸೇರಿದ ಗದ್ದೆಯ, ತೋಡಿನ ನೀರಿನಿಂದ ಅದು ಮನುಷ್ಯನಿಗೂ ನಾಯಿಗೂ ತಗಲುತ್ತದೆ. ನಾಯಿಗೆ ಅದರ ಲಸಿಕೆಯುಂಟು. ನಮಗೆ ಗಾಯವಿಲ್ಲದ ಕಾಲು, ಒಳ್ಳೆಯ ಮೆಟ್ಟು ಬೇಕು. ನಾಲ್ಕನೆಯದು ಕಾಸರಕನ ಮರ. ಕಿತ್ತಳೆಬಣ್ಣದ ಅದರ ಹಣ್ಣು ಉರುಳಿ ದಾರಿಯಲ್ಲಿ ಬಿದ್ದಿರುತ್ತದೆ. ನಾಯಿಗೆ ಚೆಂಡಿನಂತೆ ಕಾಣುತ್ತದೆ. ಒಳಗಿನ ಬೀಜದಲ್ಲಿರುವುದು ಹಿಂದೆ ನಾಯಿಗಳನ್ನು ಕೊಲ್ಲಲು ಬಳಸುತ್ತಿದ್ದ ಸ್ಟ್ರಿಕ್ನಿನ್ ವಿಷ. ಬಾಯಿ ಹಾಕಲು ಬಿಡಬೇಡಿ. ತೋಟದ ಬೇಲಿಯ ಸಂದಿನಲ್ಲಿ ಹಂದಿಗೆಂದು ಕಳ್ಳತನದಲ್ಲಿ ಇಟ್ಟ ಉರುಳು, ಸಿಡಿಮದ್ದುಗಳೂ ಇರುವುದುಂಟು. ಅಂಥವು ಹಂದಿಯನ್ನೂ ನಾಯಿಯನ್ನೂ ಬೇರೆ ಬೇರೆಯಾಗಿ ಎಣಿಸುವುದಿಲ್ಲ.

ಎಂಥ ನಾಯಿ ತಕ್ಕದ್ದೆಂದು ಕೇಳುವವರಿದ್ದಾರೆ. ನಮ್ಮ ಊರುನಾಯಿಯೇ ಉತ್ತಮ. ಗಿಡ್ಡಕೂದಲು, ಗಟ್ಟಿ ಅಂಗಾಲು, ಸೆಕೆಗೂ ಮಳೆಗೂ ಒಗ್ಗಿದ ಮೈ; ದುಡ್ಡೂ ಬೇಡ. ನಮ್ಮ ನಾಡಿನ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಕೀರ್ತಿಶಾಲಿ. ಆದರೆ ಬಯಲುಸೀಮೆಯಲ್ಲಿ ಕಣ್ಣಿಗೆ ಕಂಡದ್ದನ್ನು ಅಟ್ಟಲೆಂದೇ ಬೆಳೆಸಿದ ತಳಿ. ಹಾಡಿಯಲ್ಲಿ ಅದನ್ನು ಹಿಡಿದಿಡಲು ಕೈ ಗಟ್ಟಿಯಿರಬೇಕು. ಮೂಗು ಚಪ್ಪಟೆಯಾದ ವಿದೇಶಿ ತಳಿಗಳಿಗೆ ನಮ್ಮ ಸೆಕೆಯಲ್ಲಿ ಉಸಿರಾಡುವುದೇ ಶ್ರಮ. ಅವುಗಳಿಗೆ ನೆರಳಿನಲ್ಲಿ ಕಾಲು ಗಂಟೆ ಸಾಕು. ಹಗ್ಗ ಐದಾರು ಮೊಳವಿರಲಿ. ಬಾಟಲಿಯಲ್ಲಿ ನೀರು, ಅದಕ್ಕೊಂದು ಗೆರಟೆ, ಕೈಯಲ್ಲೊಂದು ಕೋಲು. ಕೋಲು ನಾಯಿಗಲ್ಲ; ಹುಲ್ಲು ತಟ್ಟುತ್ತ ಹೋದರೆ ಹಾವು ಸರಿದು ದಾರಿ ಕೊಡುತ್ತದೆ. ಹೊತ್ತು ಮುಳುಗುವ ಮೊದಲೇ ಮನೆ ಸೇರಬೇಕು; ಮಬ್ಬುಗತ್ತಲೆಯಲ್ಲಿ ಚಿರತೆಯೂ ತನ್ನ ತಿರುಗಾಟಕ್ಕೆ ಹೊರಡುತ್ತದೆ.

ಕನ್ನಡದಲ್ಲಿ ‘ಬಿಡು’ ಎಂಬ ಧಾತುವಿಗೆ ಕಟ್ಟು ಬಿಚ್ಚುವುದೆಂದೂ ಅರ್ಥ, ಕೈಬಿಡುವುದೆಂದೂ ಅರ್ಥ. ನಾಯಿಯ ವಿಷಯದಲ್ಲಿ ಈ ಎರಡರ ನಡುವಿನ ಅಂತರ ಬಹಳ ಕಡಮೆಯೆಂದು ನನಗೆ ತೋರುತ್ತದೆ. ರಾತ್ರಿ ನಾಯಿಯನ್ನು ಬಿಡುತ್ತೇವೆ. ಹೆಣ್ಣುಮರಿಯೆಂದು ಹಾಡಿಯ ಅಂಚಿನಲ್ಲಿಯೋ ಮಾರುಕಟ್ಟೆಯ ಹಿಂದೆಯೋ ಬಿಟ್ಟು ಬರುತ್ತೇವೆ. ಹಾಗೆ ಬಿಟ್ಟ ಮರಿಗಳಲ್ಲಿ ಬದುಕಿದವು ಬೀದಿಯ ಹಿಂಡು ಸೇರಿ, ಮುಂದೆ ನಮ್ಮ ಮಕ್ಕಳನ್ನೇ ಅಟ್ಟಿಸುತ್ತವೆ. ಮಹಾಪ್ರಸ್ಥಾನದ ಕೊನೆಯಲ್ಲಿ ಧರ್ಮರಾಯನು ಸ್ವರ್ಗದ ರಥ ಎದುರಿಗಿದ್ದರೂ ಜೊತೆಗೆ ಬಂದ ನಾಯಿಯನ್ನು ಬಿಡಲೊಪ್ಪಲಿಲ್ಲ. ನಮಗೆ ಅಷ್ಟು ದೊಡ್ಡ ಪರೀಕ್ಷೆಯೇನೂ ಇಲ್ಲ. ನಾಳೆ ಬೆಳಗ್ಗೆ ಒಂದು ಗಂಟೆ ಬೇಗ ಎದ್ದು, ಮೂಲೆಯಲ್ಲಿ ಕಟ್ಟಿಹಾಕಿದ ಪ್ರಾಣಿಯ ಕೊರಳಿಗೆ ಹಗ್ಗ ಸಿಕ್ಕಿಸಿ, ಮನೆಯ ಹಿಂದಿನ ದಾರಿ ಹಿಡಿಯಬೇಕು. ದಾರಿ ಮುಚ್ಚಿದ್ದರೆ ಕಮ್ಯುನಿಸ್ಟ್ ಗಿಡವನ್ನು ನಾಲ್ಕು ಕತ್ತಿಯೇಟಿಗೆ ಸವರಿ ಬಿಡಿಸಿಕೊಳ್ಳಬಹುದು. ಎರಡು ವಾರ ಹೀಗೆ ನಡೆದರೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.